ನಿಮ್ಮದು ಯಾವ ಸಭೆ?



ಯಾಲಾಲ್, ತಾಂಡೂರು ಕಡೆ ಸಂಬಂಧ ಕೂಡಿಸುವ ಮಾತು ಬಂದಾಗ ಹುಡುಗನ ನಡತೆಗಿಂತ ಮೊದಲು ಕೇಳುವ ಪ್ರಶ್ನೆ ಇದು: ನಿಮ್ಮದು ಯಾವ ಸಭೆ? ಮೆಥಡಿಸ್ಟಾ, ಸಿ.ಎಸ್.ಐ.ಯಾ, ಕಥೋಲಿಕರಾ, ಪೆಂತೆಕೊಸ್ತಿನವರಾ? ಉತ್ತರ ಹೊಂದದಿದ್ದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಇದನ್ನು ವಿಶ್ವಾಸದ ನಿಷ್ಠೆ ಅಂತ ಹೇಳಿಕೊಳ್ಳುವುದು ಸುಳ್ಳು.

ನಮ್ಮ ಮುತ್ತಜ್ಜಂದಿರು ಸಿದ್ಧಾಂತ ತೂಗಿ ನೋಡಿ ಸಭೆ ಆರಿಸಿಕೊಂಡವರಲ್ಲ. ಮಿಷನ್‌ಗಳು ಸೀಮೆ ಹಂಚಿಕೊಂಡಿದ್ದವು. ಮೆದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು. ವಿಕಾರಾಬಾದ್, ತಾಂಡೂರು, ಬೀದರ್ ಕಡೆ ಅಮೆರಿಕದ ಮೆಥಡಿಸ್ಟರು. ಎರಡೂ ಜಾನ್ ವೆಸ್ಲಿಯ ಮನೆತನವೇ! 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ವೆಸ್ಲಿಯನ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಮೆದಕ್ಕಿನವರು ಒಳಗೆ ಹೋದರು, ನಾವು ಹೊರಗೆ ಉಳಿದೆವು. 1970ರಲ್ಲಿ ಉತ್ತರ ಭಾರತ ಸಭೆ ಆಗುವಾಗಲೂ ನಮ್ಮವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾಯಿತು. ಇಂದು ಜಹೀರಾಬಾದಿನ ಹುಡುಗ ಮೆದಕ್ಕಿನ ಹುಡುಗಿಗೆ 'ಬೇರೆಯವನು' ಆಗಿದ್ದರೆ ಅದಕ್ಕೆ ಕಾರಣ ಯಾವ ದೇಶದ ಮಿಷನರಿ ಯಾವ ಊರಿಗೆ ಬಂದ ಎಂಬುದು, ಅಷ್ಟೇ.

ಈ ನಾಚಿಕೆಯನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ನಮ್ಮ ತೆಲಂಗಾಣದ ದೋರ್ನಕಲ್ಲಿನಲ್ಲಿ ಬಿಷಪರಾಗಿದ್ದ ವಿ.ಎಸ್. ಅಜರಯ್ಯನವರು ಒಬ್ಬರು. 1919ರಲ್ಲಿ ತರಂಗಂಬಾಡಿಯಲ್ಲಿ ಐಕ್ಯಕ್ಕಾಗಿ ಕರೆ ಕೊಟ್ಟವರೊಳಗೆ ಅವರೂ ಇದ್ದರು. ಐಕ್ಯ ಕಣ್ಣಾರೆ ಕಾಣುವ ಮೊದಲೇ, 1945ರಲ್ಲಿ, ತೀರಿಕೊಂಡರು.

"ಸಿದ್ಧಾಂತ ಬೇರೆ ಬೇರೆ ಇದೆಯಲ್ಲ" ಅನ್ನುವವರಿದ್ದಾರೆ. ಇದೆ, ನಿಜ. ಕಥೋಲಿಕರೊಂದಿಗೆ ಒಂದೇ ಕರ್ತನ ಭೋಜನಕ್ಕೆ ಕೂಡಲು ಇಂದಿಗೂ ಆಗುವುದಿಲ್ಲ, ಅದು ಸಣ್ಣ ನೋವಲ್ಲ. ಆದರೆ ನೀತಿವಂತರಾಗುವುದು ಕೃಪೆಯಿಂದಲೇ ಎಂಬ ವಿಷಯದಲ್ಲಿ ಲೂಥರನ್ನರೂ ಕಥೋಲಿಕರೂ 1999ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು, 2006ರಲ್ಲಿ ಲೋಕದ ಮೆಥಡಿಸ್ಟರ ಮಂಡಳಿಯೂ ಅದಕ್ಕೆ ಸೇರಿತು. ನಿಮ್ಮ ಪ್ರಸಂಗಪೀಠದಿಂದ ಇದನ್ನು ಎಂದಾದರೂ ಕೇಳಿದ್ದೀರಾ? ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಆಗಲೇ ದೀಕ್ಷಾಸ್ನಾನ ಆದವರನ್ನು "ಅದು ಸ್ನಾನವೇ ಅಲ್ಲ" ಅಂತ ಮತ್ತೆ ಕೆರೆಗೆ ಇಳಿಸಿ, ನಮ್ಮ ಸಭೆಗೆ ಆತ್ಮಗಳು ಸೇರಿದವು ಅಂತ ಲೆಕ್ಕ ಬರೆಯುವುದು ಸುವಾರ್ತೆಯಲ್ಲ. ಪಕ್ಕದ ಕುರಿಹಟ್ಟಿಗೆ ಕೈಹಾಕುವುದು.

ಸರಕಾರಕ್ಕಂತೂ ನಾವೆಲ್ಲ ಒಂದೇ. 1950ರ ರಾಷ್ಟ್ರಪತಿಗಳ ಆದೇಶದಿಂದ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಹಕ್ಕಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ನಮಗೆ ತೆಲಂಗಾಣದಲ್ಲಿ ಬಿ.ಸಿ.–ಸಿ ಗುಂಪಿನ ಒಂದು ಶೇಕಡಾ. ಆ ಪಟ್ಟಿ ಮಾಡುವಾಗ ಕಥೋಲಿಕರಾ, ಮೆಥಡಿಸ್ಟರಾ ಅಂತ ಯಾರೂ ಕೇಳಲಿಲ್ಲ. ಈ ಹಕ್ಕು ಕೇಳಲು ಹೋಗುವಾಗ ಮಾತ್ರ ಒಂದೊಂದು ಸಭೆಗೆ ಒಂದೊಂದು ಮನವಿ ಪತ್ರ ಯಾಕೆ?

ಎಲ್ಲ ಸಭೆಗಳ ಆಸ್ತಿಯನ್ನೂ ಬಿಷಪರನ್ನೂ ಒಂದು ಮಾಡಿ ಅಂತ ನಾನು ಹೇಳುತ್ತಿಲ್ಲ, ಆ ಕೋರ್ಟು ಕಚೇರಿ ನಮಗೆ ಬೇಡ. ಕೇಳುವುದು ಇಷ್ಟು: ಬೇರೆ ಸಭೆಯವರ ಶವಕ್ಕೆ ನಮ್ಮ ಸಮಾಧಿ ತೋಟದ ಗೇಟು ತೆರೆಯಲಿ. ಮದುವೆಗೆ ಸಭೆಯ ಹೆಸರು ಅಡ್ಡ ಬರದಿರಲಿ. ಜನವರಿ 18ರಿಂದ 25ರವರೆಗೆ ಲೋಕದ ಸಭೆಗಳು ಐಕ್ಯಕ್ಕಾಗಿ ಪ್ರಾರ್ಥಿಸುವ ವಾರ. ಅದರಲ್ಲಿ ಒಂದು ಸಂಜೆ ಅವರ ಗುಡಿಯಲ್ಲಿ, ಒಂದು ಸಂಜೆ ನಮ್ಮ ಗುಡಿಯಲ್ಲಿ ಕೂಡೋಣ. ನವೆಂಬರಿನಲ್ಲಿ ಧಾರೂರು ಜಾತ್ರೆಗೆ ಹೋದಾಗ ನಿಮ್ಮ ಪಾಸ್ಟರರನ್ನು ಇದರ ಬಗ್ಗೆ ಕೇಳಿರಿ. ಡಿಸೆಂಬರಿನ ಕ್ಯಾರಲ್ ಗಡಿಬಿಡಿಯಲ್ಲಿ ಅವರು ಕೈಗೆ ಸಿಗುವುದಿಲ್ಲ.