ಗೇಮ್ ಆಡಲು ಹಳೆಯ ಕಂಪ್ಯೂಟರ್ ಸಾಕೇ, ಹೊಸದೇ ಬೇಕೇ?

2017ರಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದಿದೆ ಎಂದುಕೊಳ್ಳೋಣ. ಇಂಟೆಲ್ ಐ5-7400 ಪ್ರಾಸೆಸರ್, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಜೊತೆಗೊಂದು ಹಾರ್ಡ್ ಡಿಸ್ಕ್. ಬೇರೆಲ್ಲ ಕೆಲಸಕ್ಕೂ ಸರಿಯಾಗಿಯೇ ಇರುವ ಇದು ಹೊಸ ಗೇಮ್ ಹಾಕಿದ ಕೂಡಲೇ ತೆವಳುತ್ತದೆ. "ವಯಸ್ಸಾಯಿತು, ಅದಕ್ಕೇ ನಿಧಾನ" ಎನ್ನುತ್ತೇವೆ ನಾವು.

ವಾಸ್ತವದಲ್ಲಿ ಪ್ರಾಸೆಸರ್ ವಯಸ್ಸಾದಂತೆ ನಿಧಾನವಾಗುವುದಿಲ್ಲ. ಅದು ಅಂದು ಮಾಡುತ್ತಿದ್ದ ಲೆಕ್ಕವನ್ನು ಇಂದೂ ಅಷ್ಟೇ ವೇಗದಲ್ಲಿ ಮಾಡಬಲ್ಲದು. ಹೆಚ್ಚಿರುವುದು ಗೇಮ್‌ಗಳು ಕೊಡುವ ಕೆಲಸ. ಇದಕ್ಕೊಂದು ಅಪವಾದ ದೂಳು. ಫ್ಯಾನ್‌ಗೆ ದೂಳು ಮೆತ್ತಿಕೊಂಡು, ಪ್ರಾಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದರೆ ಬಿಸಿ ಹೊರಹೋಗುವುದಿಲ್ಲ. ಆಗ ಪ್ರಾಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕ್ಯಾಬಿನೆಟ್ ತೆರೆದು ನೋಡುವುದು ಒಳ್ಳೆಯದು.

ಸೆಕೆಂಡಿಗೆ 60 ಫ್ರೇಮ್ ಕಾಣಬೇಕೆಂದರೆ ಒಂದೊಂದು ಫ್ರೇಮ್ ಸಿದ್ಧಪಡಿಸಲು ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಎದುರಾಳಿ ಎತ್ತ ಓಡಬೇಕು, ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕವನ್ನು ಪ್ರಾಸೆಸರ್ ಮುಗಿಸಬೇಕು, ಚಿತ್ರವನ್ನು ಗ್ರಾಫಿಕ್ಸ್ ಕಾರ್ಡ್ ಬರೆಯಬೇಕು. ಪಂಕ್ತಿಯಲ್ಲಿ ಬಡಿಸುವವರು ಹತ್ತು ಜನರಿದ್ದರೂ ಅಡುಗೆಮನೆಯಿಂದ ಅನ್ನ ಬರುವುದು ತಡವಾದರೆ ಎಲೆಯ ಮುಂದೆ ಕಾಯಲೇಬೇಕಲ್ಲ, ಇಲ್ಲಿಯೂ ಹಾಗೆಯೇ.

ತಡಮಾಡುತ್ತಿರುವವರು ಯಾರೆಂದು ಪತ್ತೆಮಾಡಲು ಖರ್ಚಿಲ್ಲದ ಉಪಾಯವೊಂದಿದೆ. ಗೇಮ್‌ನ ರೆಸಲ್ಯೂಶನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ. ಬರೆಯಬೇಕಾದ ಚುಕ್ಕಿಗಳು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ಆಗ ಫ್ರೇಮ್‌ಗಳ ಸಂಖ್ಯೆ ಚೆನ್ನಾಗಿ ಏರಿದರೆ ಸೋಲುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಹೆಚ್ಚುಕಡಿಮೆ ಅಷ್ಟೇ ಉಳಿದರೆ ಪ್ರಾಸೆಸರ್ ಕಡೆ ನೋಡಬೇಕು. ಆಟದ ನಡುವೆ ಆಗಾಗ ತಡವರಿಸುವುದಕ್ಕೆ ರ್‍ಯಾಮ್ ಕೊರತೆಯೂ ಕಾರಣವಿರಬಹುದು; ಟಾಸ್ಕ್ ಮ್ಯಾನೇಜರ್‌ನಲ್ಲಿ 8 ಜಿಬಿಯೂ ಭರ್ತಿಯಾಗಿರುವುದು ಕಂಡರೆ 16 ಜಿಬಿ ಮಾಡಿಕೊಳ್ಳುವುದು ಸುಲಭದ ಚಿಕಿತ್ಸೆ. ಎಸ್‌ಎಸ್‌ಡಿ ಹಾಕಿದರೆ ಫ್ರೇಮ್‌ಗಳು ಹೆಚ್ಚುತ್ತವೆ ಎನ್ನುವುದು ಮಾತ್ರ ಬಹುಮಟ್ಟಿಗೆ ತಪ್ಪು ಕಲ್ಪನೆ. ಅದರಿಂದ ಗೇಮ್ ಬೇಗ ತೆರೆದುಕೊಳ್ಳುತ್ತದೆ, ಅಷ್ಟೇ.

ನಮ್ಮ ಉದಾಹರಣೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ದುರ್ಬಲವೆಂದು ತಿಳಿಯಿತು ಎನ್ನೋಣ. 1050 ಟಿಐ ಬಳಸುವುದು 75 ವ್ಯಾಟ್. ಅಷ್ಟು ವಿದ್ಯುತ್ತು ಮದರ್‌ಬೋರ್ಡ್‌ನ ಸ್ಲಾಟ್‌ನಿಂದಲೇ ಸಿಗುತ್ತದೆ. ಅದರ ಜಾಗಕ್ಕೆ ಬರುವ ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು. ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಕೊಡಬೇಕು, ಹಳೆಯ ಅಗ್ಗದ ಎಸ್‌ಎಂಪಿಎಸ್ ಆದರೆ ಅದನ್ನೂ ಬದಲಿಸಬೇಕು. ಕರೆಂಟು ಹೋದಾಗ ಕೈಕೊಡುವ ಪುಟ್ಟ ಯುಪಿಎಸ್‌ನ ಲೆಕ್ಕವನ್ನು ಹಲವರು ಮರೆತೇಬಿಡುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ನಾಲ್ಕೇ ಕೋರ್‌ಗಳ ಐ5-7400 ಹೊಸ ಕಾರ್ಡಿನ ವೇಗಕ್ಕೆ ಹೊಂದಿಕೊಳ್ಳಲಾರದೆ ಒದ್ದಾಡುತ್ತದೆ!

ಹಾಗಾದರೆ ಪ್ರಾಸೆಸರ್ ಬದಲಿಸೋಣವೇ? ಎಂಟನೇ ತಲೆಮಾರಿನ ಇಂಟೆಲ್ ಪ್ರಾಸೆಸರ್ ನೋಡಲು ಅದೇ ಸಾಕೆಟ್‌ಗೆ ಕೂರುವಂತಿದ್ದರೂ ಏಳನೇ ತಲೆಮಾರಿನ ಬೋರ್ಡ್‌ನಲ್ಲಿ ಅದಕ್ಕೆ ಬೆಂಬಲವಿಲ್ಲ. ಇದೇ 2017ರಲ್ಲಿ ಎಎಂಡಿ ರೈಜನ್ ಕೊಂಡವರ ಅದೃಷ್ಟ ಬೇರೆ: ಅವರ ಎಎಂ4 ಬೋರ್ಡ್‌ಗಳಲ್ಲಿ ಹಲವು, ಬಯೋಸ್ ಅಪ್‌ಡೇಟ್ ಆದಮೇಲೆ 2022ರ ರೈಜನ್ 5800ಎಕ್ಸ್3ಡಿಯನ್ನೂ ಸ್ವೀಕರಿಸುತ್ತವೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಬಯಸುವ ಪ್ರಾಸೆಸರ್‌ಗಳ ಪಟ್ಟಿಯಲ್ಲಿ ಐ5-7400 ಇಲ್ಲ. 2024ರ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್'ನಂತಹ ಗೇಮ್‌ಗಳಿಗೆ ರೇ ಟ್ರೇಸಿಂಗ್ ಸೌಲಭ್ಯವಿರುವ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ.

ಆಡಬೇಕೆಂದಿರುವುದು ಇಂತಹ ಗೇಮ್‌ಗಳನ್ನೇ ಆದರೆ ಈ ಕಂಪ್ಯೂಟರ್‌ಗೆ ದುಡ್ಡು ಸುರಿಯುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಹಳೆಯ ಗೇಮ್‌ಗಳೇ ಸಾಕೆನ್ನುವವರು ರ್‍ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿಕೊಂಡು ಇನ್ನಷ್ಟು ಕಾಲ ಆಡಬಹುದು. ಆ ಎಸ್‌ಎಸ್‌ಡಿ ಮುಂದೆ ಹೊಸ ಕಂಪ್ಯೂಟರ್ ಕೊಂಡಾಗಲೂ ಬಳಕೆಗೆ ಬರುತ್ತದೆ. ಹಳೆಯ ಮಾನಿಟರ್, ಕೀಲಿಮಣೆ, ಮೌಸ್‌ಗಳನ್ನೂ ಅಂಗಡಿಯವರು ಹೇಳಿದರೆಂದು ಬದಲಿಸಬೇಕಿಲ್ಲ.