ಸಿಸೇರಿಯನ್‌ಗೆ ಯಾವ ಆಸ್ಪತ್ರೆ? ಉತ್ತರ ಸರ್ಕಾರದ ಕಡತದಲ್ಲಿದೆ

‘ಇದು ಆಪರೇಷನ್ನೇ ಆಗಬೇಕು’ ಎಂದು ವೈದ್ಯರು ಹೇಳಿದ ದಿನವೇ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ: ಎಲ್ಲಿ ಮಾಡಿಸುವುದು? ಹಿಂದಿನ ಹೆರಿಗೆಯೂ ಸಿಸೇರಿಯನ್ ಆಗಿತ್ತು, ಮಗು ಅಡ್ಡ ತಿರುಗಿದೆ, ಮಾಸು ಕೆಳಗಿದೆ – ಕಾರಣ ಏನೇ ಇರಲಿ, ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಯಾದ್ದರಿಂದ ನಾಲ್ಕು ಕಡೆ ವಿಚಾರಿಸಿ ನೋಡಲು ಸಮಯವಿರುತ್ತದೆ. ಆದರೆ ಪ್ಯಾಕೇಜ್ ಎಷ್ಟು, ಸ್ಪೆಷಲ್ ವಾರ್ಡ್ ಸಿಗುತ್ತದೆಯೇ, ತವರಿನಿಂದ ಎಷ್ಟು ದೂರ, ಪರಿಚಯದ ಡಾಕ್ಟರ್ ಯಾರಿದ್ದಾರೆ ಎಂದು ಕೇಳುವುದರಲ್ಲೇ ಆ ಸಮಯ ಕಳೆದುಹೋಗುತ್ತದೆ. ಇದಕ್ಕಾಗಿ ಕುಟುಂಬದವರನ್ನು ದೂರುವಂತಿಲ್ಲ. ಹೊರಗಿನವರಿಗೆ ತಿಳಿಯುವಂತೆ ಇಟ್ಟಿರುವುದೇ ಅಷ್ಟು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ದೇಶದ ಸರಾಸರಿ ಶೇ 21.5. ಆದರೆ ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಶೇ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಸಮುದಾಯದ ಮಟ್ಟದಲ್ಲಿ ಸಿಸೇರಿಯನ್ ಪ್ರಮಾಣ ಶೇ 10ನ್ನು ದಾಟಿದ ಮೇಲೆ ತಾಯಿ–ಮಗುವಿನ ಸಾವು ಅದರಿಂದಾಗಿ ಮತ್ತಷ್ಟು ಕಡಿಮೆಯಾಗುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಸರ್ಕಾರಿ–ಖಾಸಗಿ ನಡುವಿನ ಈ ಅಂತರವನ್ನೆಲ್ಲ ದುಡ್ಡಿನಾಸೆಯ ತಲೆಗೆ ಕಟ್ಟುವುದು ಸರಿಯಲ್ಲ. ಸಣ್ಣ ಊರಿನ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಮಾಡುವ ವ್ಯವಸ್ಥೆಯೇ ಇರುವುದಿಲ್ಲ, ಅಲ್ಲಿಂದ ಕಳಿಸಿದವರು ಬೇರೆಡೆಯ ಲೆಕ್ಕಕ್ಕೆ ಸೇರುತ್ತಾರೆ. ಆದರೂ ಮೂರು ಪಟ್ಟಿಗೂ ಮೀರಿದ ವ್ಯತ್ಯಾಸಕ್ಕೆ ಗರ್ಭಿಣಿಯರ ದೇಹಸ್ಥಿತಿಯೊಂದೇ ಕಾರಣ ಎಂದರೆ ನಂಬುವುದು ಹೇಗೆ?

ಆಪರೇಷನ್ ಅನಿವಾರ್ಯ ಎಂದು ತೀರ್ಮಾನವಾದವರಿಗೆ ಈ ವಾದದಿಂದ ಆಗಬೇಕಾದ್ದೇನೂ ಇಲ್ಲ. ಅವರಿಗೆ ಬೇಕಾದದ್ದು ಸುರಕ್ಷತೆ. ಅದು ಕತ್ತರಿ ಹಿಡಿದ ಕೈಯೊಂದರಲ್ಲೇ ಇಲ್ಲ ಎಂಬುದನ್ನು ಬಳ್ಳಾರಿ ಕಲಿಸಿದೆ. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ತೀರಿಕೊಂಡರು. ಮೂತ್ರಪಿಂಡಕ್ಕೆ ಹಾನಿ, ಬಹುಅಂಗ ವೈಫಲ್ಯ. ಅನುಮಾನ ಹೋದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿಯೊಳಗೆ ಏನಿದೆ ಎಂದು ಯಾವ ಕುಟುಂಬವೂ ಪರೀಕ್ಷಿಸಲಾರದು. ಅದು ಸರ್ಕಾರದ ಹೊಣೆ, ಅಲ್ಲಿ ಅದು ಸೋತಿತು. ತಾಯಂದಿರ ಮರಣದಲ್ಲಿ ನಾವು ಅಷ್ಟೇನೂ ಹೆಮ್ಮೆಪಡುವ ಸ್ಥಿತಿಯಲ್ಲೂ ಇರಲಿಲ್ಲ: 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ, ಪಕ್ಕದ ಕೇರಳದಲ್ಲಿ 19.

ಕುಟುಂಬ ಕೇಳಿ ತಿಳಿಯಬಹುದಾದ ಸಂಗತಿಗಳು ಬೇರೆ ಇವೆ, ಅವುಗಳಲ್ಲಿ ಹೆಚ್ಚಿನವು ರಾತ್ರಿಗೆ ಸಂಬಂಧಿಸಿದವು. ಆಪರೇಷನ್ ಮುಗಿಸಿ, ಹೊಲಿಗೆ ಹಾಕಿ, ವೈದ್ಯರು ಮನೆಗೆ ಹೋದ ಮೇಲೆ ಏನು? ಬಾಣಂತಿಗೆ ವಿಪರೀತ ರಕ್ತಸ್ರಾವದ ಅಪಾಯ ಮೊದಲ 24 ಗಂಟೆಗಳಲ್ಲಿ ಹೆಚ್ಚು. ನಾಡಿ, ಬಿಪಿ ನೋಡುತ್ತಿರಬೇಕು, ಪ್ಯಾಡ್ ಎಷ್ಟು ನೆನೆದಿದೆ ಎಂದು ಹೊದಿಕೆ ಸರಿಸಿ ಪರೀಕ್ಷಿಸಬೇಕು, ಮಂಚದ ಪಕ್ಕ ತೂಗುಹಾಕಿದ ಚೀಲದಲ್ಲಿ ಮೂತ್ರ ಎಷ್ಟು ಸೇರಿದೆ ಎಂದು ಬರೆದಿಡಬೇಕು. ಇಷ್ಟನ್ನೂ ಮಾಡುವವರು ಸಿಸ್ಟರ್. ಒಬ್ಬರೇ ಸಿಸ್ಟರ್ ಇಡೀ ಮಹಡಿಯನ್ನು ನೋಡಿಕೊಳ್ಳುವ ಕಡೆ ಇದು ಹೇಗೆ ಸಾಧ್ಯ? ಅರಿವಳಿಕೆ ತಜ್ಞರು ಆಸ್ಪತ್ರೆಯಲ್ಲೇ ಇರುತ್ತಾರೋ, ಕರೆದಾಗ ಬಂದು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮುಂದಿನ ನರ್ಸಿಂಗ್ ಹೋಮ್‌ಗೆ ಓಡುತ್ತಾರೋ? ರಕ್ತ ಕಟ್ಟಡದೊಳಗೇ ಸಿಗುತ್ತದೋ, ಗಂಡ ಚೀಟಿ ಹಿಡಿದು ಊರಿನ ಇನ್ನೊಂದು ತುದಿಗೆ ಓಡಬೇಕೋ? ಮಾಸು ಕೆಳಗಿರುವವರಿಗೆ, ಅದರಲ್ಲೂ ಹಿಂದೆ ಸಿಸೇರಿಯನ್ ಆಗಿ ಈ ಬಾರಿ ಮಾಸು ಕೆಳಗಿರುವವರಿಗೆ, ರಕ್ತದ ಪ್ರಶ್ನೆಯೊಂದೇ ಆಸ್ಪತ್ರೆಯನ್ನು ತೀರ್ಮಾನಿಸಬೇಕು. ಹಳೆಯ ಹೊಲಿಗೆಯ ಗಾಯದ ಮೇಲೆ ಮಾಸು ಬೇರೂರಿದ್ದರೆ ರಕ್ತ ಹರಿದುಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಅಂಥವರು ರಕ್ತನಿಧಿ, ತೀವ್ರ ನಿಗಾ ಘಟಕ ಎರಡೂ ಇರುವ ಕಡೆಯೇ ಹೋಗಬೇಕು.

ಮಗುವಿನ ವಿಷಯಕ್ಕೆ ಬಂದರೆ, ದಿನ ಗೊತ್ತುಮಾಡುವುದರಲ್ಲೇ ಎಡವುತ್ತೇವೆ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯಬೇಕೆಂಬುದು ಪ್ರಸೂತಿ ತಜ್ಞರೆಲ್ಲ ಒಪ್ಪಿದ ಮಾತು. ಅದಕ್ಕಿಂತ ಮೊದಲೇ, ನೋವೂ ಬರದೆ ತೆಗೆದ ಮಗುವಿನ ಶ್ವಾಸಕೋಶದಲ್ಲಿ ದ್ರವ ಉಳಿದು ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಆದರೆ ನಕ್ಷತ್ರ, ಲಗ್ನ ನೋಡಿಸಿ, ಅಮಾವಾಸ್ಯೆ ಬಿಟ್ಟು, ರಾಹುಕಾಲ ತಪ್ಪಿಸಿ ಆರಿಸಿದ ದಿನ ಎಷ್ಟೋ ಸಲ 38ನೇ ವಾರದಲ್ಲೋ 37ರಲ್ಲೋ ಬೀಳುತ್ತದೆ. ಹಿರಿಯರ ಮಾತು ತೆಗೆದುಹಾಕಲಾಗದ ಸಂಕಟ ಅರ್ಥವಾಗುತ್ತದೆ. ಹಾಗಿದ್ದರೆ 39 ವಾರ ತುಂಬಿದ ಮೇಲಿನ ದಿನಗಳಲ್ಲೇ ಒಂದನ್ನು ಆರಿಸಿಕೊಡಿ ಎಂದು ಜೋಯಿಸರನ್ನು ಕೇಳಬಹುದು. ನವಜಾತ ಶಿಶುಗಳ ಘಟಕವಿಲ್ಲದ ನರ್ಸಿಂಗ್ ಹೋಮ್‌ನಲ್ಲಿ ಅವಸರಪಟ್ಟರೆ ಆಗುವುದೇನು? ಹಸಿ ಹೊಲಿಗೆಯ ತಾಯಿ ಒಂದು ಆಸ್ಪತ್ರೆಯಲ್ಲಿ, ಆಮ್ಲಜನಕದ ಪೆಟ್ಟಿಗೆಯೊಳಗಿನ ಮಗು ಇನ್ನೊಂದರಲ್ಲಿ, ನಡುವೆ ಹಿಂಡಿದ ಹಾಲಿನ ಬಟ್ಟಲು ಹಿಡಿದು ಓಡಾಡುವ ಅಜ್ಜಿ. ಮಗುವಿನ ಘಟಕದ ಬಿಲ್ಲು ಸಾಮಾನ್ಯವಾಗಿ ಪ್ಯಾಕೇಜಿನೊಳಗೆ ಬರುವುದೂ ಇಲ್ಲ.

ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್‌ನಂಥ ಕಡೆ ಕಷ್ಟದ ಹೆರಿಗೆಗಳನ್ನು ಹಗಲು–ರಾತ್ರಿ ನಿಭಾಯಿಸಿ ಪಳಗಿದ ವೈದ್ಯರಿದ್ದಾರೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಸಿಸೇರಿಯನ್, ಔಷಧಿ, ರಕ್ತ, ಏಳು ದಿನಗಳ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಅಲ್ಲಿನ ನೂಕುನುಗ್ಗಲು, ಕೈ ಒಡ್ಡುವ ಸಿಬ್ಬಂದಿ, ಗದರುವ ದನಿ ಕೂಡ ನಿಜವೇ. ಮರ್ಯಾದೆಯ ನಡವಳಿಕೆಗಾಗಿ ಸಾಲ ಮಾಡಿ ಖಾಸಗಿಗೆ ಹೋಗುವ ಬಡವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ಇನ್ನು ತವರು. ಬೆಂಗಳೂರಿನಲ್ಲಿ ಏಳು ತಿಂಗಳು ತೋರಿಸಿಕೊಂಡು, ಸೀಮಂತ ಮುಗಿಸಿ ಊರಿಗೆ ಹೋದವಳನ್ನು ಅಲ್ಲಿನ ವೈದ್ಯರು ನೋಡುವುದು ಕೊನೆಯ ವಾರಗಳಲ್ಲಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ಹಿಂದಿನ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲೇಬೇಕು. ಹಳೆಯ ಗಾಯ ಎಂಥದ್ದೆಂದು ತಿಳಿಯದೆ ಮುಂದಿನ ವೈದ್ಯರು ಏನು ತಾನೆ ನಿರ್ಧರಿಸಿಯಾರು?

ಆದರೆ ಆಸ್ಪತ್ರೆಯನ್ನು ಅಳೆಯುವ ಪೂರ್ತಿ ಭಾರವನ್ನು ತುಂಬು ಗರ್ಭಿಣಿಯ ಮೇಲೆ ಹೊರಿಸುವುದು ಅನ್ಯಾಯ. ಜನನ ನೋಂದಣಿಗೆ ಆಸ್ಪತ್ರೆ ತುಂಬಿ ಕೊಡುವ ನಮೂನೆಯನ್ನು ನೋಡಿ. ಅದರ ಅಂಕಿಅಂಶದ ಭಾಗದಲ್ಲಿ ಹೆರಿಗೆಯ ವಿಧಾನ – ಸಹಜವೋ, ಸಿಸೇರಿಯನ್ನೋ, ಇಕ್ಕಳ ಹಾಕಿದ್ದೋ – ಬರೆಯುವ ಕಾಲಂ ಇದೆ. ಗರ್ಭ ಎಷ್ಟು ವಾರದ್ದು, ಮಗುವಿನ ತೂಕವೆಷ್ಟು, ತಾಯಿಗೆ ಎಷ್ಟನೆಯ ಹೆರಿಗೆ ಎಂಬುದಕ್ಕೂ ಇದೆ. ಯಾವ ಆಸ್ಪತ್ರೆಯಲ್ಲಿ ಎಷ್ಟು ಸಿಸೇರಿಯನ್, ಅದರಲ್ಲಿ 39 ವಾರಕ್ಕೆ ಮೊದಲು ಎಷ್ಟು ಎಂದು ತಿಳಿಯಲು ಹೊಸ ಸಮೀಕ್ಷೆ ಬೇಕಿಲ್ಲ, ಇದ್ದದ್ದನ್ನು ಕೂಡಿಸಿದರೆ ಸಾಕು. ದರಪಟ್ಟಿ ಪ್ರದರ್ಶಿಸಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಅದೇ ಫಲಕದಲ್ಲಿ ವರ್ಷದ ಸಿಸೇರಿಯನ್ ಪ್ರಮಾಣ, ರಾತ್ರಿ ಪಾಳಿಯ ತಜ್ಞರು ಮತ್ತು ಸಿಸ್ಟರ್‌ಗಳ ಸಂಖ್ಯೆ, ರಕ್ತದ ವ್ಯವಸ್ಥೆಯನ್ನೂ ಬರೆಸುವುದಕ್ಕೆ ಅಡ್ಡಿ ಏನು? ಸರ್ಕಾರಿ ಆಸ್ಪತ್ರೆಗಳಿಗೂ ಇದೇ ನಿಯಮ ಅನ್ವಯವಾಗಲಿ.

ದೊಡ್ಡ ಆಸ್ಪತ್ರೆಗಳಿಗೆ ಕಠಿಣ ಪ್ರಕರಣಗಳೇ ಬರುವುದರಿಂದ ಬರೀ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತದೆ ಎಂದು ವೈದ್ಯರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆಂದೇ ಹೆರಿಗೆಗಳನ್ನು ಹತ್ತು ಗುಂಪು ಮಾಡಿ ಹೋಲಿಸುವ ರಾಬ್ಸನ್ ವರ್ಗೀಕರಣವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಹತ್ತೂ ಗುಂಪುಗಳ ಲೆಕ್ಕ ಕೂಡಲೇ ಆಗದಿದ್ದರೆ ಮೊದಲನೆಯದರಿಂದ ಶುರುಮಾಡಲಿ: ಚೊಚ್ಚಲ ಹೆರಿಗೆ, ಒಂದೇ ಮಗು, ತಲೆ ಕೆಳಗಿದೆ, ದಿನ ತುಂಬಿದೆ, ನೋವು ತಾನಾಗಿಯೇ ಬಂದಿದೆ. ಇಂಥವರಲ್ಲಿ ಎಷ್ಟು ಮಂದಿಗೆ ಆಪರೇಷನ್ ಮಾಡಿದಿರಿ ಎಂಬುದಕ್ಕೆ ಪ್ರತಿ ಆಸ್ಪತ್ರೆಯೂ ಉತ್ತರಿಸಬೇಕು. ಏಕೆಂದರೆ ಎರಡನೇ ಮಗುವಿಗೆ ದಿನ ಗೊತ್ತುಮಾಡಿಕೊಂಡು ಆಸ್ಪತ್ರೆ ಹುಡುಕುವ ಬಹಳಷ್ಟು ಹೆಣ್ಣುಮಕ್ಕಳು ಮೊದಲ ಬಾರಿ ಹೊಲಿಗೆ ಹಾಕಿಸಿಕೊಂಡವರೇ.