ಕೇಳದೆ ಉಳಿದ ಪ್ರಶ್ನೆ

“ಮಗುವಿನ ಎದುರಿಗೆ ಆ ಮಾತು ಬೇಡ”—ವಾಸಿಯಾಗದ ಕಾಯಿಲೆ ಮನೆಯ ಕೂಸನ್ನು ಹಿಡಿದಾಗ ಹಿರಿಯರ ಬಾಯಿಂದ ಮೊದಲು ಹೊರಡುವ ಎಚ್ಚರಿಕೆ ಇದು. ಇದರ ಹಿಂದಿರುವುದು ವಾತ್ಸಲ್ಯವೇ ಹೊರತು ಬೇರೆಯಲ್ಲ. ಆದರೆ ಇದೇ ವಾತ್ಸಲ್ಯ ವೈದ್ಯಶಾಸ್ತ್ರದ ಬಾಯನ್ನೂ ಬಹುಕಾಲ ಕಟ್ಟಿತ್ತು. ನರಳುವ ಮಕ್ಕಳನ್ನು ಪ್ರಶ್ನಿಸಿ ದಣಿಸಬಾರದು, ತಾಯ್ತಂದೆಯರ ಗಾಯವನ್ನು ಕೆದಕಬಾರದು ಎಂಬ ಸಂಕೋಚದಿಂದ ಎಷ್ಟೋ ವಿಷಯಗಳು ತಿಳಿಯದೆ ಉಳಿದವು. ಅದರ ಬೆಲೆಯನ್ನು ತೆತ್ತವರು ಆ ಮಕ್ಕಳೇ.

ರೋಗ ಗುಣವಾಗಲಿ ಆಗದಿರಲಿ, ನೋವು, ಏದುಸಿರು, ಭಯ, ನಿದ್ರಾಹೀನತೆಗಳನ್ನು ತಗ್ಗಿಸಿ ಮಗುವಿಗೂ ಮನೆಯವರಿಗೂ ನೆಮ್ಮದಿ ನೀಡುವ ಕ್ರಮಕ್ಕೆ ಉಪಶಮನ ಆರೈಕೆ ಎಂದು ಹೆಸರು. ಇದು ಕೇವಲ ಕಡೆಗಾಲದ ಉಪಚಾರವೆಂಬುದು ತಪ್ಪು ತಿಳಿವಳಿಕೆ. ರೋಗ ಇಂಥದೆಂದು ಗೊತ್ತಾದಾಗಲೇ, ಚಿಕಿತ್ಸೆಯ ಜೊತೆಜೊತೆಗೇ, ಇದು ಮೊದಲಾಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ.

ಹಸುಗೂಸುಗಳಿಗೆ ನೋವಿನ ಅರಿವೇ ಇಲ್ಲವೆಂದು ನಂಬಿದ್ದ ಕಾಲ ಬಹಳ ಹಿಂದಿನದಲ್ಲ. 1980ರ ದಶಕದಲ್ಲಿಯೂ ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳಿಗೆ ಅತ್ಯಲ್ಪ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆ ನಡೆಸುವ ರೂಢಿ ಅನೇಕ ಆಸ್ಪತ್ರೆಗಳಲ್ಲಿತ್ತು. ಭಾರತದಿಂದ ಆಕ್ಸ್‌ಫರ್ಡಿಗೆ ಹೋಗಿದ್ದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಫೆಂಟನಿಲ್ ಎಂಬ ನೋವುನಿವಾರಕವನ್ನು ಪಡೆದ ಶಿಶುಗಳ ದೇಹ ಕಡಿಮೆ ತಲ್ಲಣಕ್ಕೆ ಒಳಗಾಗಿತ್ತು. ಅನಂತರದ ತೊಡಕುಗಳೂ ಕಡಿಮೆಯಾಗಿದ್ದವು. ಮಾತು ಬಾರದ ಕೂಸಿನ ಪರವಾಗಿ ಅದರ ರಕ್ತವೇ ಸಾಕ್ಷಿ ನುಡಿದಿತ್ತು.

ಮಾತು ಬಲ್ಲ ಮಕ್ಕಳ ಸ್ಥಿತಿಯಾದರೂ ಉತ್ತಮವಾಗಿತ್ತೆ? ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಆನ್ ವುಲ್ಫ್ ಮತ್ತು ಸಂಗಡಿಗರು ಕ್ಯಾನ್ಸರಿನಿಂದ ತೀರಿಕೊಂಡ 103 ಮಕ್ಕಳ ಹೆತ್ತವರನ್ನು ವಿಚಾರಿಸಿ 2000ದಲ್ಲಿ ವರದಿ ಮಾಡಿದರು. ಕೊನೆಯ ತಿಂಗಳಲ್ಲಿ ನೂರಕ್ಕೆ 89 ಮಕ್ಕಳು ಒಂದಲ್ಲ ಒಂದು ಬಾಧೆಯಿಂದ ತೀವ್ರವಾಗಿ ನರಳಿದ್ದರು. ನೋವಿಗೆ ಚಿಕಿತ್ಸೆ ಪಡೆದವರಲ್ಲಿ ಅದು ಫಲಿಸಿದ್ದು ನೂರಕ್ಕೆ 27 ಮಂದಿಗೆ ಮಾತ್ರ.

ಇಂಥ ಸಂಶೋಧನೆ ಸುಲಭವಲ್ಲ. ಒಂದೊಂದು ರೋಗಕ್ಕೂ ಒಂದೊಂದು ಆಸ್ಪತ್ರೆಯಲ್ಲಿ ಸಿಗುವ ಮಕ್ಕಳು ಕೆಲವರೇ. ಎರಡು ವರ್ಷದ ಕೂಸಿಗೆ ಕೇಳುವ ಪ್ರಶ್ನೆ ಹದಿನಾರರ ಹುಡುಗನಿಗೆ ಸಲ್ಲದು. ಅಧ್ಯಯನ ಮುಗಿಯುವ ಮೊದಲೇ ಮಗುವಿನ ಆಯುಷ್ಯ ಮುಗಿಯಬಹುದು. ಎಲ್ಲಕ್ಕೂ ಮಿಗಿಲಾದ ತೊಡಕು, ಈ ಸ್ಥಿತಿಯಲ್ಲಿ ಪ್ರಶ್ನೆ ಕೇಳುವುದು ಸರಿಯೇ ಎಂಬ ಧರ್ಮಸಂಕಟ.

ಇದಕ್ಕೆ ಸ್ವೀಡನ್ ದೇಶದ ತಾಯ್ತಂದೆಯರೇ ಉತ್ತರ ಕೊಟ್ಟಿದ್ದಾರೆ. ಮಕ್ಕಳನ್ನು ಕ್ಯಾನ್ಸರಿಗೆ ಕಳೆದುಕೊಂಡವರಿಗೆ ಉಲ್ರಿಕಾ ಕ್ರೈಸ್‌ಬರ್ಗ್ಸ್ ಮತ್ತು ಸಂಗಡಿಗರು ಪ್ರಶ್ನಾವಳಿ ಕಳುಹಿಸಿ 2004ರಲ್ಲಿ ಫಲಿತವನ್ನು ಪ್ರಕಟಿಸಿದರು. ಸಾವಿನ ವಿಷಯವನ್ನು ಮಗುವಿನೊಡನೆ ಆಡಿದ್ದ 147 ಮಂದಿಯಲ್ಲಿ ಒಬ್ಬರೂ ಆಡಿದ್ದಕ್ಕೆ ಪರಿತಪಿಸಲಿಲ್ಲ. ಆಡದೆ ಉಳಿದ 258 ಮಂದಿಯಲ್ಲಿ 69 ಮಂದಿಗೆ ಆಡಲಿಲ್ಲವೆಂಬ ಕೊರಗು ಉಳಿದಿತ್ತು. ಉತ್ತರಿಸಿದವರಲ್ಲಿ ನೂರಕ್ಕೆ 28 ಮಂದಿಗೆ ಆ ಪ್ರಶ್ನೆಗಳಿಂದ ನೋವಾದುದೂ ನಿಜ. ಆದರೂ ಈ ಅಧ್ಯಯನ ಬೆಲೆಯುಳ್ಳದ್ದೆಂದು ಹೇಳಿದವರು ನೂರಕ್ಕೆ 99 ಮಂದಿ! ಕೇಳುವುದು ಕ್ರೌರ್ಯವಲ್ಲ, ಕೇಳುವ ರೀತಿಯಲ್ಲಿ ಮೃದುತ್ವವಿರಬೇಕು, ಅಷ್ಟೆ.

ಇನ್ನು ಮುಂದಿನ ಕೆಲಸ ಯಾವುದು? ತೀವ್ರ ಬಾಧೆಯೊಡನೆ ಪ್ರತಿವರ್ಷ ಸಾಯುವ ಮಕ್ಕಳು ಸುಮಾರು 25 ಲಕ್ಷವೆಂದೂ, ಅವರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರೆಂದೂ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2017ರಲ್ಲಿ ಅಂದಾಜು ಮಾಡಿತು. ಮೇಲೆ ಹೇಳಿದ ಅಧ್ಯಯನಗಳಾದರೋ ಸಿರಿವಂತ ದೇಶಗಳವು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ರೋಗಿಗಳಿಗೆ ಮಾರ್ಫಿನ್ ದೊರೆಯುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಔಷಧವಿದ್ದರೆ ಸಾಲದು, ಯಾವ ಮಗುವಿಗೆ ಎಷ್ಟು ಬೇಕೆಂದು ಅಳೆಯುವುದಕ್ಕೂ ಬರಬೇಕು. ಅಳುಮುಖದಿಂದ ನಗುಮುಖದವರೆಗಿನ ಆರು ಚಿತ್ರಗಳನ್ನು ತೋರಿಸಿ ನೋವನ್ನು ಅಳೆಯುವ ಕ್ರಮ ಅಮೆರಿಕದಲ್ಲಿ ಹುಟ್ಟಿದ್ದು. ನಮ್ಮ ಮಕ್ಕಳಾದರೋ “ಹೊಟ್ಟೆ ಹಿಂಡುತ್ತದೆ”, “ಕಾಲು ಸೆಳೆಯುತ್ತದೆ”, “ತಲೆ ಸಿಡಿಯುತ್ತದೆ” ಎನ್ನುತ್ತವೆ. ಈ ನುಡಿಗಳ ಬೆಲೆಯನ್ನು ಇಲ್ಲಿಯೇ ಕೇಳಿ, ಇಲ್ಲಿಯೇ ಅಳೆಯಬೇಕು. ಹಾಸಿಗೆಯ ಪಕ್ಕದಲ್ಲಿ ಮೌನವಾಗಿ ಬೆಳೆಯುವ ಅಣ್ಣ ತಂಗಿಯರನ್ನೂ, ರಾತ್ರಿಯಿಡೀ ಎಚ್ಚರವಿರುವ ತಾಯಿಯನ್ನೂ ಈ ವಿಚಾರಣೆ ಒಳಗೊಳ್ಳಬೇಕು.

ಆಯುಷ್ಯವನ್ನು ಹಿಗ್ಗಿಸುವುದು ಎಲ್ಲ ಸಲವೂ ವೈದ್ಯನ ಕೈಯಲ್ಲಿಲ್ಲ. ಆದರೆ ಇರುವ ರಾತ್ರಿಗಳಲ್ಲಿ ಮಗು ನೋವಿಲ್ಲದೆ ನಿದ್ರಿಸಲು ಏನು ಬೇಕೆಂದು ತಿಳಿಯುವುದು ಮನುಷ್ಯರಿಂದ ಆಗುವ ಕೆಲಸ.